ಹಿಂದಿನ ಟೈರಿನ ಮಾತು ಕೇಳುವವರು ಯಾರು?

ನವೆಂಬರ್ ಬಂತೆಂದರೆ ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಸುತ್ತಲಿನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಟೈರು ಸವೆದಿವೆ, ಸದ್ಯಕ್ಕೆ ಎರಡೇ ಹೊಸದು ಹಾಕಿಸೋಣ ಅಂತಿದೀನಿ. ಮುಂದಕ್ಕೆ ತಾನೇ?" ಕ್ಷಣದಲ್ಲಿ ಉತ್ತರಗಳ ಸುರಿಮಳೆ. ಎಲ್ಲರದ್ದೂ ಒಂದೇ ಮಾತು: ಮುಂದಕ್ಕೇ ಹಾಕಿಸಿ. ಎಂಜಿನ್ ಇರುವುದು ಮುಂದೆ, ಗಾಡಿ ಎಳೆಯುವುದು ಮುಂದಿನ ಚಕ್ರ, ತಿರುಗುವುದೂ ಅದೇ, ಬ್ರೇಕ್ ಹಾಕಿದಾಗ ಹೆಚ್ಚು ದುಡಿಯುವುದೂ ಅದೇ. ಹಿಂದಿನ ಎರಡು ಚಕ್ರ ಸುಮ್ಮನೆ ಉರುಳಿಕೊಂಡು ಬರುತ್ತವೆ, ಅಷ್ಟೇ. ತರ್ಕದಲ್ಲಿ ಎಲ್ಲೂ ತೂತಿಲ್ಲ.

ಆದರೆ ಟೈರ್ ಅಂಗಡಿಗೆ ಹೋದರೆ ಅಲ್ಲಿನ ಹುಡುಗ ಒಪ್ಪುವುದಿಲ್ಲ. ಹೊಸದು ಹಿಂದಕ್ಕೆ, ಹಿಂದೆ ಇದ್ದದ್ದು ಮುಂದಕ್ಕೆ ಅನ್ನುತ್ತಾನೆ. ನಮ್ಮವರು ದುಡ್ಡು ಕೊಡುವವರು ನಾವಲ್ಲವೇ ಎಂದು ವಾದಕ್ಕೆ ನಿಲ್ಲುತ್ತಾರೆ. ಅವನು ಕಂಪನಿಯ ನಿಯಮ ಅಂತ ಕೈತೊಳೆದುಕೊಳ್ಳುತ್ತಾನೆ. ಯಾಕೆ ಎಂದು ಬಿಡಿಸಿ ಹೇಳುವಷ್ಟು ಪುರುಸೊತ್ತು ಅವನಿಗೆ ಆ ತಿಂಗಳಲ್ಲಿ ಇರುವುದಿಲ್ಲ. ಹಾಗಾಗಿ ಅವನ ಪರವಾಗಿ ನಾನು ವಕಾಲತ್ತು ವಹಿಸುತ್ತಿದ್ದೇನೆ.

ಐಸ್ ಕಟ್ಟಿದ ರಸ್ತೆಯಲ್ಲಿ ಕಾರು ದಿಕ್ಕು ತಪ್ಪುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಮೊದಲನೆಯದು, ಮುಂದಿನ ಟೈರುಗಳು ಹಿಡಿತ ಬಿಡುವುದು. ನೀವು ಸ್ಟೀರಿಂಗ್ ಬಲಕ್ಕೆ ತಿರುಗಿಸಿರುತ್ತೀರಿ, ಕಾರು ನೇರ ಹೋಗುತ್ತಿರುತ್ತದೆ. ಇದಕ್ಕೆ ಅಂಡರ್‌ಸ್ಟಿಯರ್ ಅನ್ನುತ್ತಾರೆ. ಭಯ ಆಗುತ್ತದೆ, ಸುಳ್ಳಲ್ಲ. ಆದರೆ ಹೆದರಿದ ಮನುಷ್ಯ ಯೋಚಿಸದೆ ಮಾಡುವ ಕೆಲಸ ಯಾವುದು? ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವುದು. ಆ ಹೊತ್ತಿಗೆ ಅದೇ ಸರಿಯಾದ ಕೆಲಸ. ವೇಗ ಇಳಿಯುತ್ತದೆ, ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಟೈರಿಗೆ ಮತ್ತೆ ನೆಲ ಸಿಗುತ್ತದೆ. ಸಿಗದೇ ಹೋಗಿ ಗುದ್ದಿದರೂ ಗುದ್ದುವುದು ಮೂತಿ. ಸೀಟ್ ಬೆಲ್ಟ್, ಏರ್‌ಬ್ಯಾಗ್, ನುಜ್ಜಾಗಿ ಹೊಡೆತ ಹೀರಿಕೊಳ್ಳುವ ಬಾನೆಟ್ಟು, ಇವೆಲ್ಲ ಮುಖ್ಯವಾಗಿ ಆ ದಿಕ್ಕಿನ ಪೆಟ್ಟಿಗೆಂದೇ ಮಾಡಿಟ್ಟದ್ದು.

ಎರಡನೆಯದು ಹಿಂದಿನ ಟೈರುಗಳು ಬಿಡುವುದು, ಓವರ್‌ಸ್ಟಿಯರ್. ತಿರುವಿನಲ್ಲಿ ಕಾರಿನ ಹಿಂಭಾಗ ಹೊರಕ್ಕೆ ಬೀಸುತ್ತದೆ. ಇಲ್ಲೂ ಹೆದರಿದವನು ಅದನ್ನೇ ಮಾಡುತ್ತಾನೆ, ಕಾಲು ತೆಗೆಯುತ್ತಾನೆ, ಇನ್ನೂ ಹೆದರಿದರೆ ಬ್ರೇಕ್ ತುಳಿಯುತ್ತಾನೆ. ಭಾರ ಮುಂದಕ್ಕೆ ವಾಲುತ್ತದೆ. ಅಂದರೆ ಮೊದಲೇ ಹಿಡಿತವಿಲ್ಲದ ಹಿಂದಿನ ಚಕ್ರದ ಮೇಲಿನ ಭಾರ ಇನ್ನಷ್ಟು ತಗ್ಗುತ್ತದೆ. ಹಿಂಭಾಗ ಇನ್ನೂ ಜೋರಾಗಿ ಸುತ್ತುತ್ತದೆ. ಹೆದರಿಕೆ ಹೇಳಿಕೊಟ್ಟದ್ದು ಮೊದಲ ಸಲ ಸರಿ, ಎರಡನೆಯ ಸಲ ತಪ್ಪು. ಈಗ ಕಾರು ಅಡ್ಡಡ್ಡ ಹೋಗುತ್ತಿದೆ. ಎದುರಿಗೆ ಮರವೋ ಲಾರಿಯೋ ಸಿಕ್ಕರೆ ಅದು ಬಂದು ಬಡಿಯುವುದು ಬಾಗಿಲಿಗೆ, ನಿಮ್ಮ ಪಕ್ಕೆಗೂ ಅದಕ್ಕೂ ನಡುವೆ ಗೇಣುದ್ದದ ತಗಡು.

ಆದ್ದರಿಂದಲೇ ಹೊಸ ಟೈರು ಹಿಂದಕ್ಕೆ. ಮುಂದೆ ಹೊಸದು, ಹಿಂದೆ ಬೋಳು ಅಂದರೆ ಚಾಲಕನಿಗೆ ಸುದ್ದಿ ತಲುಪಿಸುವ ಟೈರುಗಳು ಸುಳ್ಳು ಹೇಳುತ್ತವೆ. ಸ್ಟೀರಿಂಗ್ ಗಟ್ಟಿಯಾಗಿರುತ್ತದೆ, ಗಾಡಿ ಹೇಳಿದಂತೆ ಕೇಳುತ್ತದೆ, ಎಲ್ಲಾ ಚೆನ್ನಾಗಿದೆ ಎಂಬ ಧೈರ್ಯ ಬರುತ್ತದೆ. ಹಿಂದೆ ಏನಾಗುತ್ತಿದೆ ಎಂದು ತಿಳಿಸುವ ಸ್ಟೀರಿಂಗ್ ಹಿಂದಿನ ಚಕ್ರಕ್ಕೆ ಇಲ್ಲವಲ್ಲ! ಅದು ತಿಳಿಸುವುದು ಒಂದೇ ಸಲ, ಕೂತ ಸೀಟಿನ ಮೂಲಕ, ತಡವಾಗಿ. ಚಳಿಗಾಲದ ಟೈರನ್ನು ಬರೀ ಮುಂದಿನ ಎರಡಕ್ಕೆ ಹಾಕಿಸಿ ಉಳಿತಾಯ ಮಾಡಿದೆನೆಂದು ಬೀಗುವುದೂ ಇದೇ ಜಾತಿಯ ಅಪಾಯ. ನನ್ನನ್ನು ಕೇಳಿದರೆ ನಾಲ್ಕಕ್ಕೂ ಹಾಕಿಸಿ, ಇಲ್ಲವೇ ಹಾಕಿಸಲೇಬೇಡಿ.

ಐಸ್ ಅಂದರೆ ಎಷ್ಟು ಜಾರು ಎಂಬುದಕ್ಕೆ ಒಂದು ಅಂದಾಜು ಬೇಕು. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ, ಅಂದರೆ ಹಿಡಿತವನ್ನು ಅಳೆಯುವ ಸಂಖ್ಯೆ, ಸುಮಾರು 0.8. ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3. ಐಸ್ ಮೇಲೆ 0.1ರ ಆಸುಪಾಸು, ಒದ್ದೆ ಐಸ್ ಆದರೆ ಅದಕ್ಕಿಂತಲೂ ಕಡಿಮೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ, ಬ್ರೇಕ್ ಒತ್ತಿದಿರಿ ಅಂದುಕೊಳ್ಳಿ. ಒಣ ರಸ್ತೆಯಲ್ಲಿ 12 ಮೀಟರ್ ಚಿಲ್ಲರೆಯಲ್ಲಿ ಕಾರು ನಿಲ್ಲುತ್ತದೆ. ಐಸ್ ಮೇಲೆ ಹತ್ತಿರ ಹತ್ತಿರ 100 ಮೀಟರ್. ಕಾಲು ಬ್ರೇಕಿಗೆ ಹೋಗುವ ಮೊದಲಿನ ಸಮಯವನ್ನು ನಾನಿಲ್ಲಿ ಸೇರಿಸಿಲ್ಲ. ತಿರುವಿನದ್ದೂ ಇದೇ ಕತೆ. ಹೆದ್ದಾರಿಯಿಂದ ಇಳಿಯುವ ಸುರುಳಿ ದಾರಿ 50 ಮೀಟರ್ ತ್ರಿಜ್ಯದ್ದು ಎಂದಿಟ್ಟುಕೊಂಡರೆ, ಒಣಗಿದ್ದಾಗ 70 ಕಿ.ಮೀ. ವೇಗದವರೆಗೂ ಟೈರು ತಡೆದುಕೊಳ್ಳುತ್ತದೆ. ಐಸ್ ಆದ ದಿನ 25 ದಾಟಿದರೆ ಹೊರಗೆ. ರಸ್ತೆ ಬದಿಯ ಹಳದಿ ಫಲಕದಲ್ಲಿ ಬರೆದ ವೇಗ ಆವತ್ತು ಬರೀ ಅಲಂಕಾರ.

ಸುಪೀರಿಯರ್ ಸರೋವರದ ದಂಡೆಯಲ್ಲಿ ಡುಲೂತ್ ಎಂಬ ಊರಿದೆ, ಗುಡ್ಡದ ಮೈಗೆ ಅಂಟಿಕೊಂಡ ಊರು. ಅಲ್ಲಿನ ಬೀದಿಗಳು ಸರೋವರದ ಕಡೆಗೆ ಕಡಿದಾಗಿ ಇಳಿಯುತ್ತವೆ. ಘರ್ಷಣಾಂಕ 0.1 ಇರುವಾಗ ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆ ಸಾಕು, ನಾಲ್ಕೂ ಚಕ್ರ ಬಿಗಿದು ನಿಲ್ಲಿಸಿದ ಕಾರೂ ತನ್ನಷ್ಟಕ್ಕೆ ಹೊರಟುಬಿಡಬಹುದು. ಇಳಿಜಾರಿನಲ್ಲಿ ಬ್ರೇಕ್ ಫೇಲ್ ಆಯಿತು ಎಂದು ಜನ ಹೇಳುವುದನ್ನು ಕೇಳಿದ್ದೇನೆ. ಬ್ರೇಕ್ ತನ್ನ ಕೆಲಸ ಮಾಡಿರುತ್ತದೆ. ಅದು ಚಕ್ರವನ್ನು ಹಿಡಿಯುತ್ತದೆ, ರಸ್ತೆಯನ್ನು ಹಿಡಿಯುವುದು ಟೈರಿನ ಪಾಲಿನದು.

ಈ ದೇಶಕ್ಕೆ ಹೊಸದಾಗಿ ಬಂದವರು ಥರ್ಮಾಮೀಟರ್ ನೋಡಿ ಹೆದರುತ್ತಾರೆ. ಮೈನಸ್ 25 ಅಂದ ಕೂಡಲೇ ಆಫೀಸಿಗೆ ರಜೆ ಹಾಕಲೇ ಅನ್ನುತ್ತಾರೆ. ನನಗೆ ಮೈನಸ್ 25 ಅಂಥ ತಲೆಬಿಸಿಯಲ್ಲ. ಆ ಚಳಿಯಲ್ಲಿ ಹಿಮ ಬೂಟಿನಡಿ ಕಿರುಗುಟ್ಟುತ್ತದೆ, ಐಸ್ ಒಣಗಿ ಗಡುಸಾಗಿರುತ್ತದೆ, ಟೈರು ಅಷ್ಟೋ ಇಷ್ಟೋ ಹಿಡಿಯುತ್ತದೆ. ಹೆದರಬೇಕಾದ್ದು ಸೊನ್ನೆಯ ಆಚೀಚೆಯ ದಿನಗಳಿಗೆ.

ಐಸ್ ಯಾಕೆ ಜಾರುತ್ತದೆ ಎಂಬುದು ಹಳೆಯ ತಕರಾರು. ಒತ್ತಡದಿಂದ ಕರಗಿ ನೀರಾಗುತ್ತದೆ, ಆ ನೀರಿನ ಮೇಲೆ ಜಾರುತ್ತೇವೆ ಎಂದು ಶಾಲೆಯಲ್ಲಿ ಓದಿದ ನೆನಪು ಹಲವರಿಗಿದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಕಾರಿನ ಟೈರು ನೆಲಕ್ಕೆ ಹಾಕುವ ಒತ್ತಡ ಹೆಚ್ಚೆಂದರೆ ಎರಡು ಮೂರು ವಾತಾವರಣದಷ್ಟು. ಅದರಿಂದ ಐಸಿನ ಕರಗುವ ಬಿಂದು ಇಳಿಯುವುದು ಡಿಗ್ರಿಯ ನೂರರಲ್ಲಿ ಒಂದೆರಡು ಪಾಲು. ನಿಜವಾದ ಕಾರಣಕ್ಕೆ ಮೊದಲ ಸುಳಿವು ಕೊಟ್ಟವನು ಮೈಕೆಲ್ ಫ್ಯಾರಡೆ, 1850ರಲ್ಲಿ. ಎರಡು ಐಸ್ ತುಂಡುಗಳನ್ನು ತಾಗಿಸಿದರೆ ಅಂಟಿಕೊಳ್ಳುವುದನ್ನು ತೋರಿಸಿ, ಐಸಿನ ಮೈಮೇಲೆ ಸದಾ ನೀರಿನಂಥದ್ದೊಂದು ತೆಳು ಪದರ ಇರುತ್ತದೆ ಅಂದ. ಹೊರಮೈಯ ಅಣುಗಳಿಗೆ ಮೇಲಿನಿಂದ ಹಿಡಿದುಕೊಳ್ಳಲು ಯಾರೂ ಇಲ್ಲ, ಹಾಗಾಗಿ ಅವು ಸಡಿಲ. ಸೊನ್ನೆಗೆ ಹತ್ತಿರವಾದಷ್ಟೂ ಆ ಪದರ ದಪ್ಪ. ಅದರ ಮೇಲೆ ಟೈರು ಉಜ್ಜುವ ಬಿಸಿಗೆ ಇನ್ನಷ್ಟು ಕರಗುತ್ತದೆ. ಮೈನಸ್ 25ರಲ್ಲಿ ಇವೆರಡೂ ಕಮ್ಮಿ.

ಸೊನ್ನೆಯ ಆಚೀಚೆ ಅಂದರೇನು ಎಂದು ನೋಡಬೇಕಿದ್ದರೆ ನಮ್ಮ ಒಂದು ಸಂಕ್ರಾಂತಿ ಕಾರ್ಯಕ್ರಮಕ್ಕೆ ಬರಬೇಕಿತ್ತು. ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ ಮಕ್ಕಳ ಕೋಲಾಟ ಮುಗಿದು, ಎಳ್ಳು ಬೆಲ್ಲದ ಪೊಟ್ಟಣ ಹಿಡಿದು ಹೊರಗೆ ಬಂದರೆ ತುಂತುರು ಮಳೆ. ಮಳೆಯಲ್ಲವೇ, ಹಿಮ ಅಲ್ಲವಲ್ಲ ಎಂದು ಯಾರೋ ಸಮಾಧಾನಪಟ್ಟರು. ಹನಿ ನೆಲಕ್ಕೆ ತಾಗಿದ್ದೇ ಗಾಜಾಗುತ್ತಿತ್ತು. ಕಾರಿನ ಬಾಗಿಲ ಹಿಡಿಕೆಯ ಮೇಲೆ, ರೇಲಿಂಗಿನ ಮೇಲೆ, ಕೊಂಬೆಗಳ ಮೇಲೆ ಹೊಳೆಯುವ ಕವಚ. ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ಸಾಲಾಗಿ ಹೊರಟರು. ಮೈದಾನದಂಥ ಪಾರ್ಕಿಂಗ್ ಜಾಗದ ಆ ತುದಿಯಲ್ಲಿ ಒಂದು ಮಿನಿವ್ಯಾನ್ ನಡೆಯುವವನ ವೇಗದಲ್ಲಿ ಬಂದು, ತಿರುವಿನಲ್ಲಿ ಹಿಂಭಾಗವನ್ನು ನಿಧಾನಕ್ಕೆ ಎಡಕ್ಕೆ ಕೊಂಡುಹೋಗಿ, ಸದ್ದಿಲ್ಲದೆ ಹಿಮದ ರಾಶಿಗೆ ಒರಗಿ ನಿಂತಿತು. ಒಳಗಿದ್ದವರಿಗೆ ಏನೂ ಆಗಲಿಲ್ಲ, ಬಿಸಿಬೇಳೆಬಾತಿನ ಪಾತ್ರೆ ಮಾತ್ರ ಮಗುಚಿತಂತೆ.

ಆವತ್ತು ಕಾರಿನವರೆಗೆ ಸಲೀಸಾಗಿ ನಡೆದು ಹೋದವರು ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯರು, ಮಗಳ ಮನೆಗೆಂದು ಬಂದವರು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಹೇಗೆ ನಡೆಯುತ್ತಾರೋ ಹಾಗೇ ನಡೆದರು. ಪಾದ ಪೂರ್ತಿ ಊರಿ, ಪುಟ್ಟ ಹೆಜ್ಜೆ, ನಿಲ್ಲುವುದಿದ್ದರೆ ನಿಲ್ಲುವುದಷ್ಟೇ, ತಿರುಗುವುದಿದ್ದರೆ ತಿರುಗುವುದಷ್ಟೇ. ಐಸ್ ಮೇಲೆ ಕಾರು ಓಡಿಸುವುದಕ್ಕೂ ಇದಕ್ಕಿಂತ ಹೆಚ್ಚಿನ ವಿದ್ಯೆ ಏನಿಲ್ಲ. ಟೈರಿಗೆ ಇರುವ ಹಿಡಿತ ಒಂದೇ ಮೊತ್ತ. ಬ್ರೇಕಿಗೂ ಅದರಲ್ಲೇ ಕೊಡಬೇಕು, ತಿರುವಿಗೂ ಅದರಲ್ಲೇ, ವೇಗ ಹೆಚ್ಚಿಸಲಿಕ್ಕೂ ಅದರಲ್ಲೇ. ಬ್ರೇಕಿಗೆ ಪೂರ್ತಿ ಖರ್ಚಾದ ಟೈರು ತಿರುಗಲಾರದು. ಆದ್ದರಿಂದ ತಿರುವಿಗೆ ಮೊದಲೇ, ನೇರ ದಾರಿಯಲ್ಲಿ ಇರುವಾಗಲೇ ಬ್ರೇಕ್ ಮುಗಿಸಬೇಕು. ಆಮೇಲೆ ಬ್ರೇಕ್ ಬಿಟ್ಟು ತಿರುಗಬೇಕು. ನೆಟ್ಟಗಾದ ಮೇಲೆ ಆಕ್ಸಿಲರೇಟರ್.

ಚಳಿ ಜೋರಾದಾಗ ಬೇರೆಯದೇ ತಾಪತ್ರಯ. ರಸ್ತೆಗೆ ಎರಚುವ ಉಪ್ಪು, ಅಂದರೆ ನಮ್ಮ ಅಡುಗೆ ಉಪ್ಪೇ, ಮೈನಸ್ 9 ಡಿಗ್ರಿಗಿಂತ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಪ್ರಯೋಗಾಲಯದಲ್ಲಿ ಉಪ್ಪುನೀರನ್ನು ಮೈನಸ್ 21ರವರೆಗೂ ನೀರಾಗಿಯೇ ಇಡಬಹುದು. ರಸ್ತೆಯ ಮೇಲೆ ಅಷ್ಟು ಉಪ್ಪು ಸುರಿಯಲು ಆಗುವುದಿಲ್ಲ, ಕರಗಿಸಲು ಬೇಕಾದ ಹೊತ್ತೂ ಸಿಗುವುದಿಲ್ಲ. ಇಂಥ ಚಳಿಯಲ್ಲೂ ಎಲ್ಲಿಂದಲೋ ನೀರಾವಿ ಬಂದು ಡಾಂಬರಿನ ಮೇಲೆ ಕೂತರೆ ಏನಾಗುತ್ತದೆ ಎನ್ನುವುದಕ್ಕೆ ಮಿನಿಯಾಪೊಲಿಸ್ ನಡುವೆಯೇ ಒಂದು ಚರಿತ್ರೆ ಇದೆ.

ಮಿಸಿಸಿಪ್ಪಿ ನದಿಗೆ ಅಡ್ಡಲಾಗಿ 35ಡಬ್ಲ್ಯು ಹೆದ್ದಾರಿಯ ಸೇತುವೆ. 2007ರ ಆಗಸ್ಟ್ 1ರಂದು ಸಂಜೆಯ ವಾಹನ ದಟ್ಟಣೆಯಲ್ಲಿ ಕುಸಿದು 13 ಜನ ಸತ್ತರಲ್ಲ, ಆ ಹಳೆಯ ಸೇತುವೆ. ಕುಸಿತದಿಂದ ಜಗತ್ತಿಗೆ ಗೊತ್ತಾಯಿತು, ಆದರೆ ಊರಿನವರಿಗೆ ಅದರ ಹೆಸರು ಅದಕ್ಕೂ ಮೊದಲೇ ಕೆಟ್ಟಿತ್ತು. ಪಕ್ಕದಲ್ಲೇ ಸೇಂಟ್ ಆಂಥನಿ ಜಲಪಾತ. ಜಲಪಾತದಿಂದ ಏಳುವ ತೇವ ಮತ್ತು ಸಾಲುಗಟ್ಟಿದ ವಾಹನಗಳ ಹೊಗೆಯಲ್ಲಿನ ನೀರಾವಿ ತಣ್ಣಗಿನ ಸೇತುವೆಯ ಮೇಲೆ ಕೂತು ಕಣ್ಣಿಗೆ ಕಾಣದಷ್ಟು ತೆಳುವಾದ ಐಸ್ ಆಗುತ್ತಿತ್ತು. ಡಾಂಬರಿನ ಕಪ್ಪು ಬಣ್ಣ ಅದರ ಮೂಲಕ ಕಾಣುವುದರಿಂದ ಇದು ಬ್ಲ್ಯಾಕ್ ಐಸ್. 1985ರ ಡಿಸೆಂಬರಿನಲ್ಲಿ, ಮೈನಸ್ 34ರ ಚಳಿಯಲ್ಲಿ, ಅಲ್ಲಿ ಸರಣಿ ಅಪಘಾತವೇ ನಡೆಯಿತು. ಸೇತುವೆಗೆ ಅಡಿಯಲ್ಲಿ ಮಣ್ಣಿನ ಬೆಚ್ಚಗಿಲ್ಲ, ಮೇಲೂ ಗಾಳಿ, ಕೆಳಗೂ ಗಾಳಿ, ಹಾಗಾಗಿ ರಸ್ತೆಗಿಂತ ಮುಂಚೆ ಸೇತುವೆ ಹೆಪ್ಪುಗಟ್ಟುತ್ತದೆ. ಇಲ್ಲಿನ ಎಷ್ಟೋ ಸೇತುವೆಗಳ ಮೊದಲು ಆ ಎಚ್ಚರಿಕೆಯ ಫಲಕ ಇರುತ್ತದೆ. ಬೇಸಿಗೆಯಲ್ಲಿ ಅದನ್ನು ನೋಡಿ ನಗು ಬರುತ್ತದೆ.

ಕೊನೆಗೆ 1999ರಲ್ಲಿ ಸೇತುವೆಯೊಳಗೇ ಸೆನ್ಸರುಗಳನ್ನೂ ಚಿಮ್ಮುವ ನಳಿಕೆಗಳನ್ನೂ ಕೂರಿಸಿದರು. ಐಸ್ ಕಟ್ಟುವ ಲಕ್ಷಣ ಕಂಡರೆ ಪೊಟ್ಯಾಸಿಯಂ ಅಸಿಟೇಟ್ ದ್ರಾವಣ ತಾನಾಗಿ ಚಿಮ್ಮುವ ವ್ಯವಸ್ಥೆ. ಸೇತುವೆ ಕುಸಿದಾಗ ಈ ರಾಸಾಯನಿಕವೇ ಉಕ್ಕನ್ನು ತಿಂದಿತೇನೋ ಎಂಬ ಗುಮಾನಿಯೂ ಎದ್ದಿತ್ತು. ತನಿಖೆಯಲ್ಲಿ ಕಾರಣ ಬೇರೆ ಎಂದು ತಿಳಿಯಿತು, ತೊಲೆಗಳನ್ನು ಕೂಡಿಸುವ ಗಸೆಟ್ ಫಲಕಗಳ ದಪ್ಪ ವಿನ್ಯಾಸದಲ್ಲೇ ಇರಬೇಕಾದ್ದರ ಅರ್ಧ ಇತ್ತು. ಪಾಪ, ಅಸಿಟೇಟ್ ನಿರಪರಾಧಿ.

ಸೇತುವೆಯ ಮೇಲೆ ಜಾರಿದರೆ ಚಾಲಕ ಏನು ಮಾಡಬೇಕು ಎಂಬುದಕ್ಕೆ ಉತ್ತರ ಸರಳ: ಏನೂ ಮಾಡಬಾರದು. ಸ್ಟೀರಿಂಗ್ ಇದ್ದಲ್ಲೇ, ಬ್ರೇಕಿಗೆ ಕಾಲಿಲ್ಲ, ದಾಟುವವರೆಗೂ ಉಸಿರು ಬಿಗಿಹಿಡಿದರೂ ನಡೆದೀತು. ನೇರ ಹೋಗುತ್ತಿರುವ ಕಾರಿನ ಹಿಂಭಾಗವನ್ನು ನೀವಾಗಿ ಕೆಣಕದಿದ್ದರೆ ಅದು ಸಾಮಾನ್ಯವಾಗಿ ಮುಂಭಾಗದ ಹಿಂದೆಯೇ ಬರುತ್ತದೆ. ಮುಂದಿನ ಗಾಡಿಯ ಚಕ್ರದಿಂದ ನೀರು ಎರಚುತ್ತಿದೆಯೇ ಎಂದು ನೋಡುವುದು ಇಲ್ಲಿನವರ ರೂಢಿ. ರಸ್ತೆ ಒದ್ದೆಯಾಗಿ ಹೊಳೆಯುತ್ತಿದ್ದು, ಎರಚಲು ಇಲ್ಲದಿದ್ದರೆ ಅದು ನೀರಲ್ಲ. ಸದ್ದೂ ಹೇಳುತ್ತದೆ, ಟೈರಿನ ಸರಸರ ಸದ್ದು ಇದ್ದಕ್ಕಿದ್ದಂತೆ ನಿಂತು ಕಾರಿನೊಳಗೆ ವಿಚಿತ್ರ ನಿಶ್ಶಬ್ದ ಬಂದರೆ ಐಸ್ ಮೇಲಿದ್ದೀರಿ. ಅದೇ ಹೊತ್ತಿಗೆ ಸ್ಟೀರಿಂಗ್ ಬೆರಳಲ್ಲಿ ತಿರುಗಿಸುವಷ್ಟು ಹಗುರಾಗುತ್ತದೆ. ಪವರ್ ಸ್ಟೀರಿಂಗ್ ಚೆನ್ನಾಗಿದೆ ಅಂತ ಖುಷಿಪಡಬೇಡಿ, ಟೈರಿಗೆ ತಿರುಗಿ ತಳ್ಳಲು ನೆಲ ಇಲ್ಲ ಎಂದರ್ಥ.

ಇದೆಲ್ಲ ಓದಿ ಬರುವುದಲ್ಲ. ಮಿನೆಸೋಟದ ಅಪ್ಪ ಅಮ್ಮಂದಿರು ಮಕ್ಕಳಿಗೆ ಲೈಸೆನ್ಸ್ ಸಿಗುವ ವಯಸ್ಸಿಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಕರೆದುಕೊಂಡು ಹೋಗಿ ಬೇಕೆಂದೇ ಜಾರಿಸಿ ಕಲಿಸುತ್ತಾರೆ. ನನಗೆ ಆ ಕೆಲಸ ಮಾಡಿದವರು ಆಫೀಸಿನ ಹಿರಿಯ ಸಹೋದ್ಯೋಗಿ. ಅವರದ್ದು ಹಳೆಯ ಪಿಕಪ್, ಹಿಂದಿನ ಚಕ್ರ ತಳ್ಳುವ ಗಾಡಿ, ಹಿಂದಿನ ಆಕ್ಸಲ್ ಮೇಲೆ ಬರುವಂತೆ ಮರಳಿನ ಚೀಲ ಹೇರಿಕೊಂಡೇ ಚಳಿಗಾಲ ಕಳೆಯುವವರು. ಭಾನುವಾರ ಬೆಳಿಗ್ಗೆ, ಒಪ್ಪಿಗೆ ಕೇಳಿಟ್ಟುಕೊಂಡಿದ್ದ ಜಾಗ, ದೀಪದ ಕಂಬಗಳು ದೂರ ದೂರ. ಮೊದಲು ನನ್ನ ಕಾರಿನಲ್ಲೇ ಬ್ರೇಕನ್ನು ಪೂರ್ತಿ ತುಳಿ ಅಂದರು. ಪೆಡಲ್ ಪಾದದಡಿ ಕಟಕಟ ಬಡಿದುಕೊಂಡಿತು, ಎಬಿಎಸ್, ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ. ಹೆದರಿ ಕಾಲು ಎತ್ತಬೇಡ, ಅದು ಕೆಲಸ ಮಾಡುವ ಸದ್ದು ಅಂದರು. ಹಿಂದಿನ ಕಾಲದವರು ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡು ಎಂದು ಹೇಳಿಕೊಡುತ್ತಿದ್ದುದನ್ನು ಈ ಯಂತ್ರ ನಮಗಿಂತ ಎಷ್ಟೋ ಪಟ್ಟು ಬೇಗ ಮಾಡುತ್ತದೆ.

ಆಮೇಲೆ ಕಾರು ಅಡ್ಡ ತಿರುಗದಂತೆ ಕಾಯುವ ಸ್ಥಿರತೆಯ ವ್ಯವಸ್ಥೆಯ ಗುಂಡಿ ಆಫ್ ಮಾಡಿಸಿ, ತಿರುವಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಸಿದರು. ಹಿಂಭಾಗ ಹೊರಟಿತು. ಕಣ್ಣು ಕಂಬದ ಮೇಲಿತ್ತು, ಕಾರೂ ಕಂಬದ ಕಡೆಗೇ ಹೋದಂತೆ ಅನ್ನಿಸಿತು. ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡು, ಕೈ ತಾನಾಗಿ ಅಲ್ಲಿಗೆ ತಿರುಗುತ್ತದೆ ಎಂದರು. ತಿರುಗಿತು ಕೂಡ. ಹಿಂಭಾಗ ಎಡಕ್ಕೆ ಹೋದರೆ ಸ್ಟೀರಿಂಗ್ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಇಷ್ಟು ಎಲ್ಲ ಕೈಪಿಡಿಯಲ್ಲೂ ಇರುತ್ತದೆ. ಕೈಪಿಡಿ ಒತ್ತಿ ಹೇಳದಿರುವುದು ಎರಡನೆಯ ಬೀಸನ್ನು. ಹಿಂಭಾಗ ಮರಳಿ ಸಾಲಿಗೆ ಬರುತ್ತಿದ್ದಂತೆ ಸ್ಟೀರಿಂಗನ್ನೂ ಅಷ್ಟೇ ಬೇಗ ನೆಟ್ಟಗೆ ತರದಿದ್ದರೆ ಅದು ಅಲ್ಲಿ ನಿಲ್ಲದೆ ಆ ಕಡೆಗೆ, ಮೊದಲಿಗಿಂತ ಜೋರಾಗಿ ಬೀಸುತ್ತದೆ. ಮೊದಲ ಬೀಸನ್ನು ಚೆನ್ನಾಗಿ ಹಿಡಿದು, ಗೆದ್ದೆ ಅಂದುಕೊಂಡ ಕ್ಷಣದಲ್ಲಿ ಎರಡನೆಯದು ಎದುರು ಸಾಲಿನ ವಾಹನಗಳ ನಡುವೆ ಕೊಂಡೊಯ್ದು ಹಾಕುತ್ತದೆ.

ಈ ಎಲ್ಲ ಕಸರತ್ತನ್ನು ಗುಂಡಿ ಆನ್ ಇದ್ದಾಗ ಮಾಡಿದರೆ ಡ್ಯಾಶ್‌ಬೋರ್ಡಿನಲ್ಲಿ ಹಾವಿನ ಗುರುತಿನ ಹಳದಿ ದೀಪ ಮಿಣುಕುತ್ತದೆ, ಎಲ್ಲೋ ಒಂದು ಚಕ್ರ ಗರ್ ಅನ್ನುತ್ತದೆ, ಕಾರು ನೆಟ್ಟಗಾಗುತ್ತದೆ. ಇದರ ಹುಟ್ಟೂ ಐಸ್ ಮೇಲೆಯೇ. ಎಬಿಎಸ್ ಅನ್ನು ಬಾಷ್ ಮತ್ತು ಮರ್ಸಿಡಿಸ್ 1978ರಲ್ಲೇ ಮಾರುಕಟ್ಟೆಗೆ ತಂದಿದ್ದವು, ಆದರೆ ಅದಕ್ಕೆ ಚಕ್ರ ತಿರುಗುತ್ತಿದೆಯೇ ಇಲ್ಲವೇ ಎಂಬುದಷ್ಟೇ ಗೊತ್ತು, ಕಾರು ಅಡ್ಡ ತಿರುಗಿದ್ದು ಗೊತ್ತಾಗದು. 1989ರಲ್ಲಿ ಮರ್ಸಿಡಿಸ್‌ನ ಯುವ ಎಂಜಿನಿಯರ್ ಫ್ರಾಂಕ್ ವೆರ್ನರ್ ಮೋನ್ ಸ್ವೀಡನ್ನಿನಲ್ಲಿ ಚಳಿಗಾಲದ ಪರೀಕ್ಷೆಗೆಂದು ಹೋದವರು ಜಾರಿ ಚರಂಡಿಗೆ ಇಳಿದರು. ಎಳೆಯುವ ಗಾಡಿ ಬರುವವರೆಗೆ ಕೂತು ಯೋಚಿಸಿದ್ದು ಇದು: ಕಾರು ತನ್ನ ಸುತ್ತ ಎಷ್ಟು ತಿರುಗುತ್ತಿದೆ ಎಂದು ಅಳೆದು ಎಬಿಎಸ್‌ಗೆ ಹೇಳಿದರೆ? ಮೊದಲ ಪ್ರಯೋಗಕ್ಕೆ ಬೇಕಾದ ಗೈರೋಸ್ಕೋಪನ್ನು ಆಟಿಕೆ ಹೆಲಿಕಾಪ್ಟರಿನಿಂದ ಕಿತ್ತರು ಎನ್ನುತ್ತಾರೆ. 1995ರಲ್ಲಿ ಅದು ಇಎಸ್‌ಪಿ ಹೆಸರಿನಲ್ಲಿ ಮರ್ಸಿಡಿಸ್‌ನ ದುಬಾರಿ ಕಾರಿಗೆ ಬಂತು.

ದುಬಾರಿ ಕಾರಿನಿಂದ ಕೆಳಗೆ ಇಳಿದದ್ದು ಒಂದು ಅವಮಾನದ ದೆಸೆಯಿಂದ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಕಾರು ಪತ್ರಿಕೆಯವರು, ರಸ್ತೆಗೆ ಕಡವೆ ಜಾತಿಯ ಮೂಸ್ ಅಡ್ಡ ಬಂದರೆ ತಪ್ಪಿಸುವ ಪರೀಕ್ಷೆಯಲ್ಲಿ ಮರ್ಸಿಡಿಸ್‌ನ ಹೊಚ್ಚಹೊಸ ಪುಟ್ಟ ಎ ಕ್ಲಾಸ್ ಕಾರನ್ನು ಮಗುಚಿ ಹಾಕಿದರು. ಒಣ ರಸ್ತೆಯಲ್ಲೇ. ಕಂಪನಿ ಕಾರುಗಳನ್ನು ಹಿಂದಕ್ಕೆ ಕರೆಸಿ, ಎಲ್ಲ ಎ ಕ್ಲಾಸಿಗೂ ಇಎಸ್‌ಪಿ ಕೂರಿಸಬೇಕಾಯಿತು. ಸಣ್ಣ ಕಾರಿಗೂ ಇದನ್ನು ಹಾಕಬಹುದು ಎಂದಾದ ಮೇಲೆ ಉಳಿದವರಿಗೆ ನೆಪ ಉಳಿಯಲಿಲ್ಲ. ಅಮೆರಿಕದಲ್ಲಿ 2012ರ ಮಾದರಿಯಿಂದ ಎಲ್ಲ ಹೊಸ ಕಾರಿಗೂ ಇದು ಕಡ್ಡಾಯ. ಒಂಟಿ ವಾಹನದ ಮಾರಣಾಂತಿಕ ಅಪಘಾತದ ಸಾಧ್ಯತೆಯನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂಬುದು ಇಲ್ಲಿನ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆಯ ಲೆಕ್ಕ.

ಕೆಲಸ ಮಾಡುವ ಬಗೆ ಚೆಂದ. ಸ್ಟೀರಿಂಗ್ ಎಷ್ಟು ತಿರುಗಿದೆ, ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ, ಎರಡನ್ನೂ ಸೆಕೆಂಡಿಗೆ ಹತ್ತಾರು ಸಲ ಹೋಲಿಸುತ್ತದೆ. ಹಿಂಭಾಗ ಬೀಸಿದರೆ ಹೊರಬದಿಯ ಮುಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಎಳೆದು ನಿಲ್ಲಿಸುತ್ತದೆ. ಮುಂಭಾಗ ನೇರ ಜಾರಿದರೆ ಒಳಬದಿಯ ಹಿಂದಿನ ಚಕ್ರಕ್ಕೆ. ಒಂದೇ ಚಕ್ರಕ್ಕೆ ಬ್ರೇಕ್ ಹಾಕುವುದು ಯಾವ ಮನುಷ್ಯನಿಗೂ ಸಾಧ್ಯವಿಲ್ಲ, ಪೆಡಲ್ ಇರುವುದೇ ಒಂದು. ಆದರೆ ಇದು ಇರುವ ಹಿಡಿತವನ್ನು ಹಂಚಬಲ್ಲುದು, ಇಲ್ಲದ್ದನ್ನು ಹುಟ್ಟಿಸಲಾರದು. 25 ಕಿ.ಮೀ. ತಿರುವಿಗೆ 50ರಲ್ಲಿ ನುಗ್ಗಿದರೆ ಕಾರು ಬಹಳ ಶಿಸ್ತಾಗಿ, ಮೂತಿ ಮುಂದಾಗಿ ಚರಂಡಿಗೆ ಹೋಗುತ್ತದೆ.

ಅದಕ್ಕೇ ನನಗೆ ದೊಡ್ಡ ಎಸ್‌ಯುವಿ ಕೊಂಡವರ ಧೈರ್ಯ ಕಂಡರೆ ಕಸಿವಿಸಿ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುತ್ತದೆ, ಹಾಗಾಗಿ ಐಸ್ ಏನೂ ಮಾಡದು ಎಂಬ ನಂಬಿಕೆ ಇಲ್ಲಿ ಜಾತಿ ಭಾಷೆ ಮೀರಿ ಹಬ್ಬಿದೆ. ನಾಲ್ಕು ಚಕ್ರದ ಎಳೆತ ಹೊರಡಲು ಸಹಾಯ ಮಾಡುತ್ತದೆ. ನಿಲ್ಲಲು ಎಲ್ಲ ಕಾರಿಗೂ ನಾಲ್ಕೇ ಚಕ್ರದ ಬ್ರೇಕು, ಅದರಲ್ಲಿ ಭೇದವಿಲ್ಲ. ಸಲೀಸಾಗಿ ಹೊರಡುವ ಗಾಡಿ ರಸ್ತೆ ಎಷ್ಟು ಜಾರು ಎಂಬ ಸುದ್ದಿಯನ್ನೇ ಚಾಲಕನಿಂದ ಮುಚ್ಚಿಡುತ್ತದೆ. ಮುಂದಿನ ಚಕ್ರದ ಬಡಪಾಯಿ ಕಾರು ಸಿಗ್ನಲ್ಲಿನಲ್ಲಿ ಗರಗರ ತಿರುಗಿ ಮೊದಲೇ ಎಚ್ಚರಿಸುತ್ತದೆ. ಹಿಮ ಬಿದ್ದ ಬೆಳಿಗ್ಗೆ 94ನೇ ಹೆದ್ದಾರಿಯ ಬದಿಯ ತಗ್ಗಿನಲ್ಲಿ ಕೂತಿರುವ ಗಾಡಿಗಳನ್ನು ನೋಡುತ್ತಾ ಹೋಗಿ, ಎಸ್‌ಯುವಿಗಳಿಗೇನೂ ಬರವಿರುವುದಿಲ್ಲ.

ಆ ದುಡ್ಡಿನಲ್ಲಿ ಸಣ್ಣ ಪಾಲು ಚಳಿಗಾಲದ ಟೈರಿಗೆ ಹಾಕಿದ್ದರೆ ಹೆಚ್ಚು ಫಲ ಸಿಗುತ್ತಿತ್ತು. ಬೇಸಿಗೆಯ ರಬ್ಬರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತಾ ಹೋಗುತ್ತದೆ. ಚಳಿಗಾಲದ್ದು ಬೇರೆ ಮಿಶ್ರಣ, ಮೈನಸ್‌ನಲ್ಲೂ ಮೆದುವಾಗಿರುತ್ತದೆ, ಮೈತುಂಬ ಕೂದಲೆಳೆಯಂಥ ಸೀಳುಗಳಿದ್ದು ಅವು ಐಸಿನ ಮೇಲಿನ ನೀರಿನ ಪದರವನ್ನು ಒಳಗೆಳೆದುಕೊಳ್ಳುತ್ತವೆ. ಫಿನ್ಲೆಂಡಿನವರು 1934ರಲ್ಲೇ ಲಾರಿಗಳಿಗೆಂದು ಇಂಥ ಟೈರ್ ಮಾಡಿದರು, 1936ರಲ್ಲಿ ಕಾರಿಗೆ ಹಕ್ಕಪೆಲಿಟ್ಟ ಬಂತು, ಆ ಹೆಸರಿನ ಟೈರು ಇಂದಿಗೂ ಸಿಗುತ್ತದೆ. ಕೊಳ್ಳುವಾಗ ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇದೆಯೇ ನೋಡಬೇಕು. ಬರೀ ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಎಂದಿದ್ದರೆ ಅದು ಟೈರಿನ ಮೈಮೇಲಿನ ಪಟ್ಟಿಯ ಆಕಾರದ ಮಾತು, ಹಿಮದ ಮೇಲೆ ಪರೀಕ್ಷೆ ಪಾಸಾದ ಗುರುತಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರು ಕಾನೂನಿನಂತೆ ಕಡ್ಡಾಯ. ಮಿನೆಸೋಟದಲ್ಲಿ ಅಂಥ ಕಾನೂನಿಲ್ಲ. ಮೊಳೆ ಹೊಡೆದ ಟೈರನ್ನಂತೂ ರಸ್ತೆ ಕೆರೆದು ಹಾಳಾಗುತ್ತದೆ ಎಂದು ಇಲ್ಲಿ 1970ರ ದಶಕದಲ್ಲೇ ನಿಷೇಧಿಸಿದ್ದಾರೆ. ಕ್ವಿಬೆಕ್ ಮಾಡಿದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಹೇಳಿದರೆ ಅದು ವ್ಯಕ್ತಿ ಸ್ವಾತಂತ್ರ್ಯದ ಚರ್ಚೆಯಾಗಿ ಊಟ ತಣ್ಣಗಾಗುತ್ತದೆ.

ಊರಿನಲ್ಲಿರುವವರಿಗೆ ಇದೆಲ್ಲ ಯಾಕೆ ಎನ್ನುವಂತಿಲ್ಲ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಲಾಹೌಲ್‌ಗೆ ಚಳಿಗಾಲದಲ್ಲೂ ದಾರಿಯಾಗಿದೆ. ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ಸ್ವಂತ ಕಾರಿನಲ್ಲೇ ಅಲ್ಲಿಗೆ ಹೋಗುವವರಿದ್ದಾರೆ. ಸೋಲಂಗ್‌ನಿಂದ ಸುರಂಗದವರೆಗಿನ ಏರುದಾರಿಯಲ್ಲಿ ಕಾರುಗಳು ನಿಧಾನಕ್ಕೆ ಹಿಂದಕ್ಕೆ ಜಾರಿ ಒಂದರ ಮೇಲೊಂದು ಬೀಳುವ ವಿಡಿಯೊ ಪ್ರತಿ ವರ್ಷ ಮೊಬೈಲಿಗೆ ಬರುತ್ತದೆ. ನಗುವ ಇಮೋಜಿ ಹಾಕಿ ಕಳಿಸುತ್ತಾರೆ. ಬೆಂಗಳೂರಿನ ಬಿಸಿಲಿಗೆ ಮಾಡಿದ ರಬ್ಬರು ಅದು, ಏನು ತಾನೇ ಮಾಡೀತು? ಟೈರಿಗೆ ಚೈನ್ ಕಟ್ಟಿಕೊಳ್ಳಿ, ಅದಕ್ಕಿಂತ ಒಳ್ಳೆಯದೆಂದರೆ ಕಾರು ಮನಾಲಿಯಲ್ಲಿ ಬಿಟ್ಟು ಅಲ್ಲಿಯ ಟ್ಯಾಕ್ಸಿ ಹಿಡಿಯಿರಿ. ಇಳಿಯುವಾಗ ಬ್ರೇಕ್ ಬದಲು ಮೊದಲನೆಯ ಗೇರಿನಲ್ಲಿ ಬನ್ನಿ, ಗೇರನ್ನು ಮೇಲಿನಿಂದಲೇ ಹಾಕಿಕೊಂಡು ಹೊರಡಿ. ಜಾರುತ್ತಿರುವಾಗ ಒಮ್ಮೆಲೇ ಇಳಿಸಿದರೆ ಅದೂ ಚಕ್ರಕ್ಕೆ ಬ್ರೇಕ್ ಹೊಡೆದಂತೆಯೇ ಆಗುತ್ತದೆ.

ಇನ್ನು ಉಪ್ಪಿನ ವಿಷಯ. ಮಿನೆಸೋಟದವರಿಗೆ ಹಿಮ ಬಾಚುವ ಕಿತ್ತಳೆ ಬಣ್ಣದ ಲಾರಿಗಳೆಂದರೆ ಮಮತೆ. 2021ರಿಂದ ಸ್ಪರ್ಧೆ ನಡೆಸಿ ಅವಕ್ಕೆ ಹೆಸರಿಡುತ್ತಾರೆ, ಪ್ಲೋವಿ ಮ್ಯಾಕ್‌ಪ್ಲೋಫೇಸ್, ಕಂಟ್ರೋಲ್ ಸಾಲ್ಟ್ ಡಿಲೀಟ್ ಹೀಗೆ. ಆ ಲಾರಿಗಳು ಸುರಿಯುವ ಉಪ್ಪು ವಸಂತದಲ್ಲಿ ಕರಗಿ ಸೇರುವುದು ಕೆರೆಗಳಿಗೆ, ನದಿಗೆ, ಅಂತರ್ಜಲಕ್ಕೆ. ಒಂದು ಚಮಚ ಉಪ್ಪು ಸಾಕು, ಸುಮಾರು 19 ಲೀಟರ್ ಸಿಹಿನೀರನ್ನು ಶಾಶ್ವತವಾಗಿ ಕೆಡಿಸಲು ಎಂದು ಇಲ್ಲಿನ ಮಾಲಿನ್ಯ ನಿಯಂತ್ರಣ ಸಂಸ್ಥೆ ಹೇಳುತ್ತಲೇ ಬಂದಿದೆ. ಕ್ಲೋರೈಡನ್ನು ನೀರಿನಿಂದ ಬೇರ್ಪಡಿಸುವ ಸುಲಭ ದಾರಿ ಇಲ್ಲ. ಇತ್ತ ಚಳಿಗಾಲಗಳೂ ಮೊದಲಿನಂತಿಲ್ಲ, 2023-24ರದ್ದು ಇಲ್ಲಿ ದಾಖಲಾದ ಅತಿ ಬೆಚ್ಚಗಿನ ಚಳಿಗಾಲ. ಬೆಚ್ಚಗೆ ಎಂದರೆ ಒಳ್ಳೆಯದೇ ಎಂದುಕೊಳ್ಳಬೇಡಿ, ಮೈನಸ್ 20ರ ಗಡುಸು ದಿನಗಳ ಜಾಗಕ್ಕೆ ಸೊನ್ನೆಯ ಆಚೀಚೆಯ ದಿನಗಳು ಬಂದರೆ ಹಗಲು ಕರಗಿ ರಾತ್ರಿ ಗಾಜಾಗುವ ರಸ್ತೆಗಳೇ ಹೆಚ್ಚು. ಇನ್ನಷ್ಟು ಉಪ್ಪು ಸುರಿಯಿರಿ ಎಂದು ನಗರಸಭೆಗೆ ಅರ್ಜಿ ಕೊಡಲು ನಮ್ಮ ಬಡಾವಣೆಯಲ್ಲಿ ಸಹಿ ಸಂಗ್ರಹ ನಡೆಯುತ್ತಿದೆ. ನಾನು ಹಾಕಿಲ್ಲ. ನಮ್ಮ ಬೀದಿಯಲ್ಲಿ ವೇಗ ಇಳಿಸುವ ಅರ್ಜಿ ತಂದರೆ ಹಾಕುತ್ತೇನೆ ಎಂದಿದ್ದೇನೆ.